ಒಂಬತ್ತನೆಯ ಕುಳಿ

ಕಾಪುವಿನಲ್ಲಿ ಹೆದ್ದಾರಿ ಅಗಲವಾಗುತ್ತಿದ್ದ, ಮಣಿಪಾಲದಲ್ಲಿ ಮಹಡಿಯ ಮೇಲೆ ಮಹಡಿ ಏಳುತ್ತಿದ್ದ ವರ್ಷಗಳವು. ಜಲ್ಲಿ ಎಷ್ಟು ಕೊಟ್ಟರೂ ಸಾಲದು. ಕಾರ್ಕಳದ ಕಡೆಯ ಒಂದು ಕಲ್ಲುಕೋರೆಯಲ್ಲಿ ನಾನು ಟಿಪ್ಪರುಗಳ ಲೆಕ್ಕ ಬರೆಯುತ್ತಿದ್ದೆ.

ಅವತ್ತು ಬಂಡೆಗೆ ಒಂಬತ್ತು ಕುಳಿ ಹೊಡೆದು ಮದ್ದು ತುಂಬಿದ್ದರು. ಬತ್ತಿಗಳನ್ನು ಒಂದಕ್ಕಿಂತ ಒಂದು ಉದ್ದ ಬಿಟ್ಟಿದ್ದರು. ಒಂದರ ಹಿಂದೊಂದು ಸಿಡಿದರೆ ಎಣಿಸಲು ಬರುತ್ತದೆ. ಸೀಟಿ ಊದಿ, ಎರಡೂ ಕಡೆ ದಾರಿ ತಡೆದು, ಬೆಂಕಿ ಕೊಟ್ಟರು. ಗುಡ್ಡ ಗುಡುಗಿತು. ಧೂಳು ಇಳಿಯುವ ಮೊದಲೇ ಸೂಪರ್‌ವೈಸರು, "ಆಯ್ತು, ಇಳೀರಿ" ಎಂದರು.

ಮದ್ದಿನ ಮೇಸ್ತ್ರಿ ಅಡ್ಡ ನಿಂತರು. "ಎಂಟೇ ಕೇಳಿದ್ದು. ಒಂದು ಬಾಕಿ ಉಂಟು."

"ನನಗೆ ಒಂಬತ್ತೂ ಕೇಳಿತಲ್ಲ ಮಾರಾಯ್ರೆ. ಗಾಡಿಗಳು ಕಾಯ್ತಾ ಉಂಟು."

"ಇರಬಹುದು. ಆದರೂ ಅರ್ಧ ಗಂಟೆ ಯಾರೂ ಇಳಿಯುವ ಹಾಗಿಲ್ಲ."

ಅರ್ಧ ಗಂಟೆ ಕಳೆದ ಮೇಲೆ ಅವರೊಬ್ಬರೇ ಇಳಿದರು. ಕಲ್ಲಿನ ರಾಶಿಯ ಬದಿಯಲ್ಲಿ ಬತ್ತಿ ನಂದಿದ ಕುಳಿ ಹಾಗೇ ಇತ್ತು. ಅದನ್ನು ಕೆದಕಲು ಬಿಡಲಿಲ್ಲ. ಸ್ವಲ್ಪ ದೂರದಲ್ಲಿ, ಅದೇ ನೇರಕ್ಕೆ ಬೇರೆ ಕುಳಿ ಹೊಡೆಸಿ, ಅದರ ಮದ್ದಿನಿಂದಲೇ ಇದನ್ನೂ ಸಿಡಿಸಿದರು. ಸುತ್ತಿಗೆ ಹಿಡಿದ ಆಳುಗಳು ಮೊದಲು ಇಳಿಯಬೇಕಿದ್ದದ್ದು ಅದೇ ಜಾಗಕ್ಕೆ.

ಸೂಪರ್‌ವೈಸರು ಕೆಟ್ಟವರಲ್ಲ. ಅವರ ಕಿವಿಗೆ ಒಂಬತ್ತು ಕೇಳಿಸಿದ್ದೂ ಸುಳ್ಳಿರಲಿಕ್ಕಿಲ್ಲ. ಅವಸರದಲ್ಲಿರುವವನಿಗೆ ಬೇಕಾದ ಲೆಕ್ಕವೇ ಕೇಳಿಸುತ್ತದೆ. ಅದಕ್ಕೇ ನಿಯಮ ಬಂದದ್ದು. 1952ರ ಗಣಿ ಕಾಯ್ದೆ ಚಿನ್ನದ ಗಣಿಗೆ ಮಾತ್ರವಲ್ಲ, ಬಯಲಿನ ಕಲ್ಲುಕೋರೆಗೂ ಅನ್ವಯಿಸುತ್ತಿತ್ತು. ಬತ್ತಿಯ ಮದ್ದು ಸಿಡಿಯದೆ ಉಳಿದ ಸಂಶಯ ಬಂದರೆ ಅರ್ಧ ಗಂಟೆ ಕಾಯಬೇಕೆಂಬುದು 1961ರ ಗಣಿ ನಿಯಮಾವಳಿಯಲ್ಲಿತ್ತು. ಮೇಸ್ತ್ರಿ ಅದನ್ನು ಪುಸ್ತಕದಲ್ಲಿ ಓದಿದವರಲ್ಲ, ಕೈಕೆಲಸದಲ್ಲಿ ಕಲಿತವರು.

ಎಲ್ಲ ಕಡೆಯೂ ಅನಾಹುತ ಹೀಗೆ ತಪ್ಪಿಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕೋರೆಗೆ ಬಂದ ಸ್ಫೋಟಕ ಸಿಡಿದು ಕಾರ್ಮಿಕರು ಸತ್ತರು. ತಿಂಗಳು ಕಳೆಯುತ್ತಲೇ, ಫೆಬ್ರುವರಿ 23ರಂದು, ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜೆಲಟಿನ್ ಸಿಡಿದು ಆರು ಜನ ಹೋದರು. ಇಂಥ ಸುದ್ದಿ ಬಂದಾಗಲೆಲ್ಲ ಕೈತಪ್ಪಿದವನು ಯಾರೆಂದು ಹುಡುಕುತ್ತೇವೆ. ಆ ಕೈಗೆ ಮದ್ದು ಕೊಟ್ಟವರಾರು, ತರಬೇತಿ ಕೊಟ್ಟಿದ್ದರೇ, ಅವಸರ ಯಾರದು ಎಂದು ಕೇಳುವುದು ಕಡಿಮೆ.

ಮನುಷ್ಯನ ಎಣಿಕೆ ತಪ್ಪುತ್ತದೆ. ಆದ್ದರಿಂದ ಕೋರೆಯಲ್ಲಿ ಸದ್ದನ್ನು ಇಬ್ಬರು ಎಣಿಸಬೇಕು. ಇಬ್ಬರ ಲೆಕ್ಕ ಕೂಡದಿದ್ದರೆ ಕಡಿಮೆ ಹೇಳಿದವನ ಮಾತೇ ನಡೆಯಬೇಕು. "ನಿಲ್ಲಿ" ಎಂದವನ ಆ ದಿನದ ಕೂಲಿ ಕಡಿಯಬಾರದು.