ಕಲಹಾರಿಯ ಹೊಯಿಗೆಯಲ್ಲಿ ಕನ್ನಡದ ಅಕ್ಷರ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೊಂದು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಒತ್ತಾಯಿಸಿದಾಗ, ಶಾಲೆಯ ಹಳೆಯ ನೆನಪುಗಳನ್ನೇ ಬರೆಯುವುದೆಂದು ಎಣಿಸಿದ್ದೆ. ಆದರೆ ಲೇಖನಿ ಹಿಡಿದೊಡನೆ ಮನಸ್ಸು ಹೋದದ್ದು ಆಫ್ರಿಕಾ ಖಂಡದ ದಕ್ಷಿಣದ ಒಂದು ಮರುಭೂಮಿಗೆ. ಅದಕ್ಕೂ ನಮ್ಮ ಶಾಲೆಗೂ ಇರುವ ನಂಟು ಓದುಗರಿಗೆ ಕೊನೆಯಲ್ಲಿ ತಿಳಿದೀತು.

2013ರ ಆಗಸ್ಟ್ ತಿಂಗಳು. ಮಗಳೂ ಅಳಿಯನೂ ಬೋಟ್ಸ್ವಾನಾ ದೇಶದ ರಾಜಧಾನಿ ಗ್ಯಾಬೊರೋನ್‌ನಲ್ಲಿ ಉದ್ಯೋಗದಲ್ಲಿದ್ದರು. ಆಟಿಯ ಜಡಿಮಳೆಯಲ್ಲಿ ಮಂಜೇಶ್ವರದಿಂದ ಹೊರಟ ನಾನೂ ನನ್ನ ಪತ್ನಿಯೂ ಅಲ್ಲಿ ಇಳಿದಾಗ ಮೋಡದ ಒಂದು ತುಣುಕೂ ಆಕಾಶದಲ್ಲಿರಲಿಲ್ಲ. ಅಲ್ಲಿಯ ಹಣದ ಹೆಸರು ‘ಪುಲಾ’. ಹಾಗೆಂದರೆ ಮಳೆ ಎಂದು ಅಳಿಯ ಹೇಳಿದಾಗ ನನಗೆ ನಗು ಬಂತು. ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನವರು ನಾವು. ಮಳೆಯನ್ನು ಸಂಪತ್ತೆಂದು ಎಣಿಸಿ ನಾಣ್ಯಕ್ಕೆ ಅದರ ಹೆಸರಿಡುವ ಯೋಚನೆ ನಮಗೆ ಬರಲಿಕ್ಕಿಲ್ಲ.

ಮೊಮ್ಮಗನಿಗೆ ಶಾಲೆಯ ರಜೆ. ಜೀಪಿನಲ್ಲಿ ಡೇರೆ, ನೀರಿನ ಡಬ್ಬಗಳು, ಊರಿನಿಂದ ಕೊಂಡೊಯ್ದ ಕುಚ್ಚಲಕ್ಕಿ, ಮಾವಿನ ಮಿಡಿ ಉಪ್ಪಿನಕಾಯಿ ಇವನ್ನೆಲ್ಲ ತುಂಬಿಕೊಂಡು ನಾವು ಐವರು ಕಲಹಾರಿಯ ಕಡೆಗೆ ಹೊರಟೆವು. ವಜ್ರದ ಗಣಿಯಿರುವ ಜ್ವಾನೆಂಗ್ ಪಟ್ಟಣವನ್ನು ದಾಟಿ, ತ್ಸಾಬೊಂಗ್ ಮಾರ್ಗವಾಗಿ ಏಳೆಂಟುನೂರು ಕಿಲೋಮೀಟರ್ ಕ್ರಮಿಸಿ, ಎರಡನೆಯ ದಿನ ಕ್ಗಲಗಾಡಿ ವನ್ಯಧಾಮದ ಬಾಗಿಲು ತಲಪಿದೆವು. ಅಲ್ಲಿಂದ ಮುಂದೆ ಡಾಮರು ರಸ್ತೆಯಿಲ್ಲ. ಅಳಿಯ ಚಕ್ರಗಳ ಗಾಳಿಯನ್ನು ಇಳಿಸಿದ. ಗಾಳಿ ಕಡಮೆಯಾದರೆ ಚಕ್ರ ಅಗಲವಾಗಿ ಊರಿ, ಹೊಯಿಗೆಯಲ್ಲಿ ಹೂತುಹೋಗುವುದಿಲ್ಲವಂತೆ.

ಮರುಭೂಮಿಯೆಂದರೆ ಬರಿಯ ಮರಳೆಂದು ಭೂಗೋಳದ ಪಾಠದಲ್ಲಿ ಹೇಳುತ್ತಿದ್ದ ನನ್ನ ತಿಳಿವಳಿಕೆ ಅಲ್ಲಿ ತಿದ್ದಲ್ಪಟ್ಟಿತು. ಕೆಂಪು ದಿಬ್ಬಗಳ ನಡುವೆ ಒಣಹುಲ್ಲು, ಮುಳ್ಳಿನ ಜಾಲಿ, ನೆಟ್ಟನೆಯ ಕೊಂಬಿನ ಓರಿಕ್ಸ್ ಜಿಂಕೆಗಳು. ನೀರು ದೊರೆಯದ ತಿಂಗಳುಗಳಲ್ಲಿ ಅವು ‘ತ್ಸಮ್ಮ’ ಎಂಬ ಕಾಡು ಕಲ್ಲಂಗಡಿಯನ್ನು ತಿಂದು ಬಾಯಾರಿಕೆ ತಣಿಸಿಕೊಳ್ಳುತ್ತವೆ. ಜಾಲಿಯ ಮರಗಳಲ್ಲಿ ಬಣವೆಯಷ್ಟು ದೊಡ್ಡ ಹುಲ್ಲಿನ ಗೂಡುಗಳು. ಒಂದು ಜಾತಿಯ ಗೀಜಗಗಳು ನೂರಾರು ಸಂಖ್ಯೆಯಲ್ಲಿ ಒಂದೇ ಗೂಡಿನಲ್ಲಿ ವಾಸಿಸಿ, ತಲೆಮಾರಿನಿಂದ ತಲೆಮಾರಿಗೆ ಅದನ್ನು ಬೆಳೆಸುತ್ತವೆ.

ನಮ್ಮ ದಾರಿ ಸಾಗಿದ್ದು ನೊಸೊಬ್ ಎಂಬ ನದಿಯ ಪಾತ್ರದಲ್ಲಿ. ನದಿಯೆಂದರೆ ಹೆಸರಿಗೆ ಮಾತ್ರ. ಅದರಲ್ಲಿ ನೀರು ಹರಿಯುವುದು ದಶಕಗಳಿಗೊಮ್ಮೆ. ಆ ಒಣಪಾತ್ರವೇ ಬೋಟ್ಸ್ವಾನಾ ಮತ್ತು ದಕ್ಷಿಣ ಆಫ್ರಿಕಾಗಳ ಗಡಿ. “ಅಜ್ಜ, ಈಗ ನಾವು ಯಾವ ದೇಶದಲ್ಲಿದ್ದೇವೆ?” ಎಂದು ಎಂಟು ವರ್ಷದ ಮೊಮ್ಮಗ ಕೇಳಿದ. ನಾನು ಬೇಲಿಯನ್ನು ಹುಡುಕಿದೆ; ಬೇಲಿಯೇ ಇಲ್ಲ. ಎರಡೂ ದೇಶಗಳು ತಮ್ಮ ತಮ್ಮ ವನಗಳನ್ನು ಸೇರಿಸಿ 2000ನೆಯ ಇಸವಿಯ ಮೇ 12ರಂದು ಒಂದೇ ವನ್ಯಧಾಮವನ್ನಾಗಿ ಉದ್ಘಾಟಿಸಿದವು. ಸುಮಾರು 38,000 ಚದರ ಕಿಲೋಮೀಟರ್ ವಿಸ್ತಾರದ ಆ ವನದಲ್ಲಿ ಸಿಂಹವೂ ಜಿಂಕೆಯೂ ಯಾರ ಅಪ್ಪಣೆಯನ್ನೂ ಕೇಳದೆ ಗಡಿ ದಾಟುತ್ತವೆ. ಬಂದ ಬಾಗಿಲಿನಿಂದಲೇ ಮರಳುವ ಪ್ರವಾಸಿಗನಿಗೂ ಪಾಸ್‌ಪೋರ್ಟು ಬೇಡ.

ನನಗೆ ತಲಪಾಡಿ ನೆನಪಾಯಿತು. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದಾಗ ನಾನು ಒಂದನೆಯ ತರಗತಿಯ ಬಾಲಕ. ಹಿರಿಯರ ಮುಖದ ಮ್ಲಾನತೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಭಾಷೆಗೆ ಒದಗಿದ ಕಷ್ಟಗಳಿಗೆಲ್ಲ ಆ ಗೆರೆಯೇ ಕಾರಣವೆಂದು ಬಹುಕಾಲ ನಾನು ನಂಬಿದ್ದೆ. ಆದರೆ ಬೋಟ್ಸ್ವಾನಾದ ಸೆತ್ಸ್ವಾನಾ ಭಾಷೆಯನ್ನಾಡುವವರಲ್ಲಿ ಹೆಚ್ಚಿನವರು ಗೆರೆಯ ಆಚೆಗೆ, ದಕ್ಷಿಣ ಆಫ್ರಿಕಾದಲ್ಲಿದ್ದಾರೆ. ಗೆರೆಯ ಎರಡೂ ಕಡೆ ಆ ಭಾಷೆ ಬದುಕಿದೆ.

ಆ ರಾತ್ರಿ ಡೇರೆಯ ಮುಂದೆ ಬೆಂಕಿ ಉರಿಸಿ ಗಂಜಿ ಬೇಯಿಸಿದೆವು. ಮೈ ಕೊರೆಯುವ ಚಳಿ. ದೂರದಲ್ಲಿ ಸಿಂಹದ ಗರ್ಜನೆ ಕೇಳಿ ಮೊಮ್ಮಗ ನನಗೆ ಒತ್ತಿಕೊಂಡು ಕುಳಿತ. ಅವನ ಗಮನವನ್ನು ಬೇರೆಡೆಗೆ ತಿರುಗಿಸಲು ಹೊಯಿಗೆಯಲ್ಲಿ ಬೆರಳಿನಿಂದ ಅವನ ಹೆಸರನ್ನು ಬರೆದೆ. “ಇದು ಯಾವ ಚಿತ್ರ, ಅಜ್ಜ?” ಎಂದ.

ಆ ಪ್ರಶ್ನೆ ಸಿಂಹದ ಗರ್ಜನೆಗಿಂತ ಹೆಚ್ಚಾಗಿ ನನ್ನನ್ನು ನಡುಗಿಸಿತು. ತಪ್ಪು ಬೇರೆ ಯಾರದೂ ಅಲ್ಲ. ಅವನನ್ನು ಶಾಲೆಗೆ ಸೇರಿಸುವಾಗ ಮಗಳು ಫೋನಿನಲ್ಲಿ ಕೇಳಿದ್ದಳು: “ಅಪ್ಪ, ಇವನಿಗೆ ಮನೆಯಲ್ಲಿ ಕನ್ನಡ ಅಕ್ಷರ ಕಲಿಸಲೋ?” “ಮೊದಲು ಇಂಗ್ಲಿಷ್ ಗಟ್ಟಿಯಾಗಲಿ, ಕನ್ನಡ ಆಮೇಲೆ ನೋಡೋಣ” ಎಂದವನು ನಾನೇ. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಅಧ್ಯಾಪಕರ ಜತೆಗೂಡಿ ಮನೆಮನೆಗೆ ಹೋಗಿ, ಮಕ್ಕಳನ್ನು ಕನ್ನಡ ಶಾಲೆಗೇ ಕಳುಹಿಸಿರೆಂದು ಹೆತ್ತವರಲ್ಲಿ ಬೇಡಿದವನೂ ನಾನೇ!

ಮುಂದಿನ ಮೂರು ರಾತ್ರಿಗಳಲ್ಲಿ ಕಲಹಾರಿಯ ಕೆಂಪು ಹೊಯಿಗೆ ನಮ್ಮ ಪಾಟಿಯಾಯಿತು. ನನ್ನ ಗುರುಗಳು ನನ್ನ ಬೆರಳು ಹಿಡಿದು ತಿದ್ದಿಸಿದಂತೆಯೇ ಅವನ ಬೆರಳು ಹಿಡಿದು ‘ಅ’ದಿಂದ ‘ಅಃ’ವರೆಗೆ ತಿದ್ದಿಸಿದೆ. ಬೆಳಗ್ಗೆ ಎದ್ದು ನೋಡಿದರೆ ಅಕ್ಷರಗಳ ಮೇಲೆ ನರಿಯ ಹೆಜ್ಜೆಗಳಿರುತ್ತಿದ್ದವು. ಅವನು ನಕ್ಕು ಮತ್ತೆ ಬರೆಯುತ್ತಿದ್ದ.

ಊರಿಗೆ ಮರಳಿದ ಮೇಲೆ ಆ ಪ್ರದೇಶದ ಕುರಿತು ಓದುವಾಗ ಕತ್ರೀನಾ ಏಸೌ ಎಂಬ ಮಹಿಳೆಯ ವಿಚಾರ ತಿಳಿಯಿತು. ಕಲಹಾರಿಯ ಮೂಲನಿವಾಸಿಗಳ ಒಂದು ಭಾಷೆಯನ್ನು ನಮ್ಮ ಲಿಪಿಯಲ್ಲಿ ‘ನೂ’ ಎಂದಷ್ಟೇ ಬರೆಯಬಹುದು. ಅದರ ನಡುವಿನ ನಾಲಗೆಯ ಚಿಟುಕು ಧ್ವನಿಗೆ ನಮ್ಮಲ್ಲಿ ಅಕ್ಷರವಿಲ್ಲ. 1933ರಲ್ಲಿ ಜನಿಸಿದ ಈ ಮಹಿಳೆ, ಆ ಭಾಷೆಯನ್ನು ಬಲ್ಲವರು ಬೆರಳೆಣಿಕೆಯಷ್ಟೇ ಉಳಿದಾಗ, ಆಪಿಂಗ್ಟನ್ ಪಟ್ಟಣದ ತಮ್ಮ ಮನೆಯಲ್ಲೇ ಮಕ್ಕಳನ್ನು ಕೂಡಿಸಿ ಪಾಠ ಹೇಳತೊಡಗಿದರು. 2014ರಲ್ಲಿ ದಕ್ಷಿಣ ಆಫ್ರಿಕಾ ಸರಕಾರ ಅವರನ್ನು ಗೌರವಿಸಿತು. 2021ರಲ್ಲಿ ಮೊಮ್ಮಗಳ ಸಹಾಯದಿಂದ ಆ ಭಾಷೆಯಲ್ಲಿ ಮಕ್ಕಳ ಪುಸ್ತಕವೂ ಹೊರಬಂತು.

ಭಾಷೆ ಅಳಿಯುವುದು ಭೂಪಟದ ಗೆರೆಯಿಂದ ಮಾತ್ರವಲ್ಲ, ಅಜ್ಜ ಮೊಮ್ಮಗನಿಗೆ ಅಕ್ಷರ ತಿದ್ದಿಸದೆ ಹೋದಾಗ ಎಂಬುದನ್ನು ಮೂರು ದಶಕಗಳ ಅಧ್ಯಾಪನದಲ್ಲಿ ನಾನು ಅರಿಯಲಿಲ್ಲ; ಮರುಭೂಮಿ ತಿಳಿಸಿತು.

ಮೊಮ್ಮಗ ಈಗ ಕಾಲೇಜು ವಿದ್ಯಾರ್ಥಿ. ಆಗಾಗ ನನಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯುತ್ತಾನೆ. ಒತ್ತಕ್ಷರಗಳು ತಪ್ಪುತ್ತವೆ, ತಿದ್ದಿ ಕಳುಹಿಸುತ್ತೇನೆ. ನಮ್ಮ ಶಾಲೆ ಆ ಗೀಜಗದ ಗೂಡಿನಂತೆ ಐವತ್ತು ವರ್ಷ ಬೆಳೆದಿದೆ. ಇಲ್ಲಿ ಕಲಿತವರೆಲ್ಲರಲ್ಲಿ ಈ ಮುದಿ ಮೇಷ್ಟ್ರ ವಿನಂತಿ ಒಂದೇ: ಊರಲ್ಲಿರಿ, ಪರದೇಶದಲ್ಲಿರಿ, ಮನೆಯ ಮಗುವಿನ ಬೆರಳು ಹಿಡಿದು ಒಮ್ಮೆ ‘ಅ’ ಬರೆಯಿಸಿರಿ. ಶಾಲೆಯ ಶತಮಾನೋತ್ಸವದ ಸಂಚಿಕೆಯನ್ನು ಕನ್ನಡದಲ್ಲೇ ಬರೆಯುವವರೂ ಓದುವವರೂ ಇರಲೆಂದು ಹಾರೈಸುತ್ತೇನೆ.