ಮಳೆಗಾಲದ ಎ.ಸಿ.

ನಮ್ಮ ತೀರ್ಥಹಳ್ಳಿ ಕಡೆ ಕಾರಿನ ಎ.ಸಿ. ಅಂದರೆ ಬೇಸಿಗೆಯ ಸಾಮಾನು. ಶಿವಮೊಗ್ಗ ದಾಟಿ ದಾವಣಗೆರೆ ದಿಕ್ಕಿಗೆ ಮದುವೆಗೋ ಮುಂಜಿಗೋ ಹೊರಟರೆ ಹಾಕುವುದು, ಊರಿಗೆ ಮರಳಿದ ಮೇಲೆ ಅದರ ಗುಂಡಿಯನ್ನೇ ಮರೆಯುವುದು. ಹೀಗಿರುವಾಗ ಪುನರ್ವಸು ಮಳೆ ಜಡಿಯುತ್ತಿರುವ ಬೆಳಿಗ್ಗೆ, ಸ್ವೆಟರ್ ಹಾಕಿಕೊಂಡು, ಕಾರಿನೊಳಗೆ ಎ.ಸಿ. ಓಡಿಸುತ್ತಾ ಕೂರುವವನನ್ನು ಕಂಡರೆ ಜನ ಏನಂದುಕೊಳ್ಳಬೇಡ? ಎದುರುಮನೆಯವರು ಮೊದಮೊದಲು ಕೊಡೆ ಹಿಡಿದು ಬಂದು, ‘ಬ್ಯಾಟರಿ ಇಳಿದಿದೆಯಾ ಮೇಷ್ಟ್ರೇ?’ ಎಂದು ವಿಚಾರಿಸುತ್ತಿದ್ದರು. ಈಗ ಕೇಳುವುದಿಲ್ಲ. ಮೇಷ್ಟ್ರಿಗೆ ನಿವೃತ್ತಿಯಾಗಿದೆ, ಏನೋ ಮಾಡಿಕೊಳ್ಳಲಿ ಎಂದು ಬಿಟ್ಟಂತಿದೆ.

ನನ್ನದು ಮಾರುತಿ 800. 1983ರ ಡಿಸೆಂಬರ್‌ನಲ್ಲಿ ಬೀದಿಗಿಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಂತ ಗಾಡಿ. 796 ಸಿ.ಸಿ., ಮೂರೇ ಸಿಲಿಂಡರು. ಎ.ಸಿ.ಯ ಸುಖ ಗೊತ್ತಾಗಬೇಕಾದರೆ ಇಂಥ ಸಣ್ಣ ಎಂಜಿನ್ನೇ ಬೇಕು ಎಂಬುದು ನನ್ನ ಮತ. ದೊಡ್ಡ ಕಾರಿನಲ್ಲಿ ಎ.ಸಿ. ಶುರುವಾಗಿದ್ದು ಯಾರಿಗೂ ತಿಳಿಯುವುದಿಲ್ಲ. ಇದರಲ್ಲಿ ಹಾಗಲ್ಲ. ಗುಂಡಿ ಒತ್ತಿದರೆ ಬಾನೆಟ್ಟಿನೊಳಗೆ ‘ಟಕ್’ ಎನ್ನುತ್ತದೆ. ಎಂಜಿನ್ ಒಮ್ಮೆ ಕುಗ್ಗಿ, ಸ್ಟೀರಿಂಗ್ ನವಿರಾಗಿ ನಡುಗಿ, ಮತ್ತೆ ಸಾವರಿಸಿಕೊಂಡು ಮೊದಲಿಗಿಂತ ತುಸು ಜೋರಾಗಿ ಗುರುಗುಡತೊಡಗುತ್ತದೆ. ಆ ‘ಟಕ್’ ಕೇಳಿದರೆ ನನಗೆ ಬೆಳಗಿನ ಕಾಫಿ ಕುಡಿದಷ್ಟೇ ಸಮಾಧಾನ.

ಸದ್ದು ಮಾಡುವುದು ಕಂಪ್ರೆಸರಿನ ಕ್ಲಚ್ಚು. ಎಂಜಿನ್ ಓಡುವಷ್ಟು ಹೊತ್ತೂ ಬೆಲ್ಟು ಪುಲ್ಲಿಯನ್ನು ಸುಮ್ಮನೆ ತಿರುಗಿಸುತ್ತಿರುತ್ತದೆ. ಒಳಗಿನ ಕಂಪ್ರೆಸರು ಮಾತ್ರ ಅಲ್ಲಾಡುವುದಿಲ್ಲ. ಗುಂಡಿ ಒತ್ತಿದಾಗ ಸುರುಳಿಗೆ ಕರೆಂಟು ಹರಿದು, ಅಯಸ್ಕಾಂತವಾಗಿ, ಎದುರಿನ ತಟ್ಟೆಯನ್ನು ಪುಲ್ಲಿಗೆ ಎಳೆದುಕೊಳ್ಳುತ್ತದೆ. ಆಮೇಲೆ ಎರಡೂ ಒಟ್ಟಿಗೆ ತಿರುಗುತ್ತವೆ. ಈ ಏರ್ಪಾಡಿಲ್ಲದ ಕಾಲವೂ ಇತ್ತು. ಅಮೆರಿಕದ ಪ್ಯಾಕಾರ್ಡ್ ಕಂಪನಿ 1939ರಲ್ಲಿ ಕಾರ್ಖಾನೆಯಿಂದಲೇ ಎ.ಸಿ. ಕೂರಿಸಿದ ಕಾರು ತಂದಾಗ ಅದಕ್ಕೆ ಕ್ಲಚ್ಚೇ ಇರಲಿಲ್ಲ. ಚಳಿಗಾಲದಲ್ಲಿ ಎ.ಸಿ. ಬೇಡವೆಂದರೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟು ಕಳಚಬೇಕಿತ್ತು. ಆ ಯಜಮಾನರುಗಳ ಕೈಗೆ ಹತ್ತಿದ ಮಸಿ ನೆನೆಸಿಕೊಂಡಾಗ ನಮ್ಮ ಗುಂಡಿಯ ಬೆಲೆ ತಿಳಿಯುತ್ತದೆ.

ಬೇಡದ ಕಾಲದಲ್ಲಿ ಯಾಕೆ ಓಡಿಸಬೇಕು? ಕಂಪ್ರೆಸರಿಗೆ ಎಂಜಿನ್ನಿಗಿದ್ದ ಹಾಗೆ ಪ್ರತ್ಯೇಕ ಎಣ್ಣೆ ಪಂಪು ಸಾಮಾನ್ಯವಾಗಿ ಇರುವುದಿಲ್ಲ. ಅದರ ಎಣ್ಣೆ ಗ್ಯಾಸಿನ ಜೊತೆಯಲ್ಲೇ ಊರು ಸುತ್ತುತ್ತದೆ. ಗ್ಯಾಸು ಸುತ್ತಿದರೆ ಎಣ್ಣೆ ಸುತ್ತೀತು, ಇಲ್ಲವಾದರೆ ಇಲ್ಲ. ಕಂಪ್ರೆಸರಿನ ಶಾಫ್ಟು ಹೊರಗೆ ಇಣುಕುವ ಜಾಗದಲ್ಲಿ ಒಂದು ಸೀಲು ಕೂತಿರುತ್ತದೆ. ಎಣ್ಣೆಯ ತೆಳು ಪದರ ಇರುವ ತನಕ ಅದು ಗ್ಯಾಸನ್ನು ತಡೆದು ನಿಲ್ಲಿಸುತ್ತದೆ. ತಿಂಗಳುಗಟ್ಟಲೆ ಓಡಿಸದೆ ಬಿಟ್ಟರೆ ಎಣ್ಣೆ ಕೆಳಗಿಳಿದು, ಸೀಲಿನ ಅಂಚು ಒಣಗಿ, ಗ್ಯಾಸು ಸದ್ದಿಲ್ಲದೆ ಜಾರಿಕೊಳ್ಳುತ್ತದೆ. ನಮ್ಮ ಕಾರುಗಳ ಆರ್-134ಎ ಗ್ಯಾಸು ಬಯಲಿಗೆ ಬಿಟ್ಟರೆ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುವಂಥದ್ದು. ಕೂದಲೆಳೆಯಷ್ಟು ಸಂದು ಸಿಕ್ಕರೂ ಅದಕ್ಕೆ ಸಾಕು. ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ ಎಂದು ಹಲವು ಕಾರುಗಳ ಕೈಪಿಡಿಯಲ್ಲೇ ಬರೆದಿರುವುದು ಇದಕ್ಕೇ. ಆದರೆ ಕೈಪಿಡಿಯನ್ನು ಯಾರು ಓದುತ್ತಾರೆ? ಅದು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇನ್ಶೂರೆನ್ಸ್ ಕಾಗದದ ಅಡಿ ತಣ್ಣಗೆ ಮಲಗಿರುತ್ತದೆ.

ಕೊಪ್ಪದ ಭಾವ, ಅಂದರೆ ನನ್ನ ಅಕ್ಕನ ಯಜಮಾನರು, ಹಳೆಯ ಕಾಲದ ಉಳಿತಾಯದವರು. ಸೋಫಾಕ್ಕೆ ಹಾಕಿದ ಪ್ಲಾಸ್ಟಿಕ್ ತೆಗೆಯದವರು. ಕಾರು ಕೊಂಡ ಮೇಲೆ ಎ.ಸಿ.ಯನ್ನೂ ಹಾಗೇ ಜೋಪಾನ ಮಾಡಿದರು. ಏಪ್ರಿಲ್ಲಿನಲ್ಲಿ ಹೊಸಪೇಟೆಗೆ ಹೊರಟಾಗ ಗುಂಡಿ ಒತ್ತಿದರೆ ಬಂದಿದ್ದು ಒಲೆಯ ಮುಂದಿನ ಗಾಳಿ. ‘ಹೊಸದರ ಹಾಗೇ ಇಟ್ಟಿದ್ದೆ ಮಾರಾಯ, ಕೈಯೇ ಹಚ್ಚಿರಲಿಲ್ಲ’ ಎಂದು ಫೋನಿನಲ್ಲಿ ಅಲವತ್ತುಕೊಂಡರು. ಕೊಟ್ಟಿಗೆ ತುಂಬ ಹಸು ಸಾಕಿದ ಮನುಷ್ಯ. ‘ಕರೆಯದೆ ಬಿಟ್ಟರೆ ಹಾಲು ಕೆಚ್ಚಲಲ್ಲಿ ಉಳಿತಾಯ ಆಗ್ತದಾ ಭಾವ?’ ಎಂದೆ. ಆಚೆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

ಅವರನ್ನು ಹೆಚ್ಚು ಕಾಡಿದ್ದು ಆಮೇಲಿನ ಕಥೆ. ಯಾವುದೋ ವರ್ಕ್‌ಶಾಪಿನಲ್ಲಿ ಸೋರಿಕೆ ಹುಡುಕದೆ ಗ್ಯಾಸು ತುಂಬಿ ಕಳಿಸಿದರು. ಮಳೆ ಬರುವಷ್ಟರಲ್ಲಿ ಅದೂ ಖಾಲಿ. ಪೆಟ್ರೋಲಿನಂತೆ ಎ.ಸಿ. ಗ್ಯಾಸೂ ಖರ್ಚಾಗುತ್ತದೆ ಎಂದು ನಂಬಿದವರು ಬಹಳ. ಅದು ಒಂದೇ ಕೊಳವೆಯೊಳಗೆ ಆವಿಯಾಗಿ, ದ್ರವವಾಗಿ, ಮತ್ತೆ ಆವಿಯಾಗಿ ಸುತ್ತುವ ವಸ್ತು. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ. ಸೋರಿದ್ದು ಸುಮ್ಮನೆ ಹೋಗುವುದೂ ಇಲ್ಲ. ಭೂಮಿಯನ್ನು ಕಾಯಿಸುವುದರಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರದ ಮುನ್ನೂರು ಪಟ್ಟಿಗೂ ಜೋರು. ನಮ್ಮ ಪೇಟೆಯ ಮೆಕ್ಯಾನಿಕ್ ಹುಡುಗ ಮೊದಲು ಪೈಪಿನ ಜಾಯಿಂಟುಗಳ ಮೇಲೆ ಬೆರಳಾಡಿಸುತ್ತಾನೆ. ಗ್ಯಾಸು ಕಣ್ಣಿಗೆ ಕಾಣುವುದಿಲ್ಲ, ಆದರೆ ಅದರ ಜೊತೆ ಹೊರಬಿದ್ದ ಎಣ್ಣೆಗೆ ಧೂಳು ಮೆತ್ತಿ ಕಪ್ಪು ಕಲೆಯಾಗುತ್ತದೆ. ಕಲೆ ಸಿಕ್ಕಲ್ಲಿ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವುದನ್ನು ಕಾಯುತ್ತಾನೆ. ರಿಪೇರಿ ಮುಗಿಸಿ, ವ್ಯಾಕ್ಯೂಮ್ ಪಂಪು ಹಚ್ಚಿ ಒಳಗಿನ ಗಾಳಿ, ತೇವ ಎಲ್ಲ ಎಳೆದ ಮೇಲೆಯೇ ಗ್ಯಾಸಿನ ಮಾತು. ‘ಅರ್ಜೆಂಟ್ ಇದ್ರೆ ನಾಳೆ ಬನ್ನಿ ಸಾರ್’ ಅನ್ನುವ ಅವನ ಧಾಟಿ ನನಗೆ ಬಲು ಇಷ್ಟ.

ನನ್ನ ಹತ್ತು ನಿಮಿಷದಲ್ಲೂ ಇಂಥ ಬೆರಳಾಟ ಉಂಟು. ಕಾರನ್ನು ಶೆಡ್ಡಿನಿಂದ ಹೊರಗೆ ತಂದು, ಎ.ಸಿ. ಓಡಿದ ಮೇಲೆ ಬಾನೆಟ್ ಎತ್ತಿ, ಫ್ಯಾನು ಬೆಲ್ಟುಗಳಿಂದ ದೂರದಲ್ಲಿ ಎರಡು ಅಲ್ಯೂಮಿನಿಯಂ ಪೈಪುಗಳನ್ನು ಮುಟ್ಟಿ ನೋಡುತ್ತೇನೆ. ಸಪೂರದ್ದು ಬಿಸಿ. ದಪ್ಪನೆಯದು ತಣ್ಣಗೆ, ಮೈತುಂಬ ಬೆವರು. ಆ ಹನಿಗಳನ್ನು ಒರೆಸಿದರೆ ಮತ್ತೆ ಮೂಡುತ್ತವೆ, ಮತ್ತೆ ಒರೆಸಬೇಕೆನಿಸುತ್ತದೆ. ಕಾರಿನಡಿ ನೀರು ತೊಟ್ಟಿಕ್ಕತೊಡಗಿದರೆ ಒಳಗಿನ ಡ್ರೈನ್ ಪೈಪೂ ಕಟ್ಟಿಲ್ಲ ಎಂದು ಲೆಕ್ಕ. ಮಳೆಯಲ್ಲಿ ಇದನ್ನು ಕಂಡುಹಿಡಿಯುವುದು ಕಷ್ಟ, ಒಪ್ಪಿದೆ. ಅದಕ್ಕೇ ಮೊದಲು ಶೆಡ್ಡಿನ ಬಾಗಿಲ ಸೂರಿನಡಿ ನಿಲ್ಲಿಸಿಕೊಳ್ಳುವುದು.

ಅಸಲಿಗೆ ಮಲೆನಾಡಿನಲ್ಲಿ ಎ.ಸಿ. ಬೇಕಾದದ್ದೇ ಮಳೆಗಾಲಕ್ಕೆ. ಆಗುಂಬೆ ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ನಾಲ್ಕು ಮಂದಿ ತುಂಬಿಕೊಂಡು, ಕಿಟಕಿ ಮುಚ್ಚಿ ಇಳಿದು ನೋಡಿ. ಎಲ್ಲರ ಉಸಿರೂ ಗಾಜಿಗೆ ಹತ್ತಿ ಎದುರಿನ ಬಸ್ಸು ಕಾಣುವುದಿಲ್ಲ. ಟವೆಲ್ಲಿನಿಂದ ಒರೆಸುವವರ ಪಕ್ಕ ಕೂತು ಹೋದರೆ ಜೀವ ಬಾಯಿಗೆ ಬರುತ್ತದೆ. ಎ.ಸಿ. ಹಾಕಿ, ಗಾಳಿಯನ್ನು ಗಾಜಿನತ್ತ ತಿರುಗಿಸಿದರೆ ತಣ್ಣನೆಯ ಕಾಯಿಲಿಗೆ ತೇವ ಹತ್ತಿ, ಒಣಗಾಳಿ ಬಂದು ಮಂಜು ಸರಸರ ಸರಿಯುತ್ತದೆ. ಹೀಟರನ್ನೂ ತುಸು ಬೆರೆಸಬೇಕು. ಇಲ್ಲದಿದ್ದರೆ ಚಳಿಯ ಜೊತೆಗೆ ಗಾಜಿನ ಹೊರಮೈ ಮಂಜಾಗುತ್ತದೆ. ಎ.ಸಿ.ಯ ಮೂಲಕಸುಬೂ ಇದೇ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ತನ್ನ ಮೊದಲ ಏರ್ಪಾಡನ್ನು ರೂಪಿಸಿದ್ದು ಬ್ರೂಕ್ಲಿನ್‌ನ ಒಂದು ಛಾಪಖಾನೆಗೆ. ತೇವಕ್ಕೆ ಕಾಗದ ಹಿಗ್ಗಿ ಬಣ್ಣ ಬಣ್ಣದ ಮೇಲೆ ಕೂರುತ್ತಿರಲಿಲ್ಲವಂತೆ. ಸೆಖೆಯ ಮಾತು ಆಮೇಲಿನದು.

ಮನೆ ಹತ್ತಿರವಾಗುತ್ತಿದ್ದಂತೆ ಎ.ಸಿ. ಆರಿಸಿ ಬ್ಲೋವರ್ ಮಾತ್ರ ಬಿಡುತ್ತೇನೆ. ಒಳಗಿನ ಕಾಯಿಲು ಒಣಗಿದರೆ ಮುಗ್ಗಲು ವಾಸನೆ ಹುಟ್ಟುವುದಿಲ್ಲ.

ಬೆಂಗಳೂರಿನ ಮಗನ ಹೊಸ ಕಾರಿನಲ್ಲಿ ಕಂಪ್ರೆಸರಿಗೆ ಕ್ಲಚ್ಚೇ ಇಲ್ಲ. ಶಾಫ್ಟು ಸದಾ ತಿರುಗುತ್ತಿರುತ್ತದೆ, ಬೇಕಾದಷ್ಟೇ ಗ್ಯಾಸು ಒತ್ತುತ್ತದೆ. ‘ಇದಕ್ಕೆ ನಿಮ್ಮ ಭಾನುವಾರದ ಪೂಜೆ ಅಷ್ಟೇನೂ ಬೇಕಾಗಿಲ್ಲ ಅಪ್ಪ’ ಎಂದ. ಅವನು ಹೇಳುವುದು ಸರಿ. ಆದರೂ ಊರಿಗೆ ಬಂದಾಗ ಕೀಲಿ ಇಸಿದುಕೊಂಡು ಒಂದು ಸುತ್ತು ಓಡಿಸಿದೆ. ಗಾಳಿ ಪೊಗದಸ್ತಾಗಿ ತಣ್ಣಗಿತ್ತು, ಸದ್ದು ಮಾತ್ರ ಇರಲಿಲ್ಲ. ಕ್ಯಾಬಿನ್ ಫಿಲ್ಟರ್ ಎಳೆದು ನೋಡಿದರೆ ಬೆಂಗಳೂರಿನ ಅರ್ಧ ಧೂಳು ಅದರಲ್ಲೇ ಇತ್ತು. ಅಂಗಳದಲ್ಲಿ ಕೊಡವುತ್ತಾ ಅವನನ್ನು ಕೂಗಿ ತೋರಿಸಿದೆ. ಸಂಜೆಯೊಳಗೆ ಹೊಸದು ತಂದು ಹಾಕಿದ.