ಕುರಿ ಲೆಕ್ಕ ಯಾರು ಒಪ್ಪಿಸಬೇಕು?

ದೇವರನ್ನು ಅಪ್ಪ ಅಂದವರಿದ್ದಾರೆ, ಗಂಡ ಅಂದವರಿದ್ದಾರೆ. ಒಡೆಯ ಅಂದವರಿಗಂತೂ ಲೆಕ್ಕವಿಲ್ಲ. ಬೈಬಲ್ಲು ಕುರುಬ ಅನ್ನುತ್ತದೆ. ಕನ್ನಡದ ಹಳೇ ಬೈಬಲ್ಲಿನ 23ನೇ ಕೀರ್ತನೆಯಲ್ಲಿರೋದು ಇದೇ ಪದ. ಈಚಿನ ಅನುವಾದಗಳಲ್ಲಿ ಕುರಿಗಾಹಿ ಎಂತಲೂ ಉಂಟು. ನನಗೆ ಹಳೆಯದೇ ಹಿಡಿಸಿತು. ಅದರಲ್ಲಿ ಕಂಬಳಿ ವಾಸನೆ ಇದೆ, ಜೊತೆಗೆ ಅದು ನಮ್ಮ ನಾಡಿನ ಒಂದು ಜಾತಿಯ ಹೆಸರೂ ಹೌದು. ಬೆವರು ಸುರಿಸೋರ ಹೆಸರನ್ನು ದೇವರಿಗೆ ಇಡೋದು ಸಣ್ಣ ಮಾತಲ್ಲ.

ಆದರೆ ದೇವರು ಕುರುಬನಾದ ತಕ್ಷಣ ನಾವು ಕುರಿಗಳಾಗಬೇಕಾಗುತ್ತದೆ. ನನ್ನ ತಕರಾರು ಇಲ್ಲಿಂದ ಶುರು. ಕುರಿ ಕೊಬ್ಬಿದಷ್ಟೂ ಕುರುಬನಿಗೆ ಲಾಭ ಅಂತ ಗಾದೆ ಕಟ್ಟಿದ ಜನ ನಾವು. ಕುರಿ ಸಾಕೋದು ಉಣ್ಣೆಗೆ, ಗೊಬ್ಬರಕ್ಕೆ, ಕಡೆಗೆ ಕತ್ತಿಗೆ. ತಲೆ ತಗ್ಗಿಸಿ ಮುಂದಿನದರ ಹಿಂದೆ ನಡೆಯೋದನ್ನು ನಮ್ಮ ಕೇರಿಗೆ ಯಾವ ಧರ್ಮವೂ ಹೊಸದಾಗಿ ಕಲಿಸಬೇಕಾಗಿಲ್ಲ.

ಹಾಸ್ಟೆಲಿನಲ್ಲಿ ಪಕ್ಕದ ಮಂಚದ ಗೆಳೆಯ ಕ್ರೈಸ್ತ. ಅವನ ಬೈಬಲ್ಲಿನಲ್ಲಿ ಯೋಹಾನನ ಸುವಾರ್ತೆಯ 10ನೇ ಅಧ್ಯಾಯ ಓದಿದೆ. ಯೇಸು ತನ್ನನ್ನು ಒಳ್ಳೇ ಕುರುಬ ಅಂತ ಕರೆದುಕೊಳ್ಳೋದು ಅಲ್ಲೇ. ಅವನು ಕುರಿಗಳನ್ನು ಹೆಸರು ಹಿಡಿದು ಕರೀತಾನೆ, ಅವುಗಳಿಗಾಗಿ ಪ್ರಾಣ ಕೊಡ್ತಾನೆ. ಕೂಲಿಯವನಾದರೋ ತೋಳ ಕಂಡರೆ ಕಾಲಿಗೆ ಬುದ್ಧಿ ಹೇಳ್ತಾನೆ, ಕುರಿ ಅವನದಲ್ಲವಲ್ಲ!

ಈ ಕೂಲಿಯವನ ಮಾತು ಮುಳ್ಳಿನ ಹಾಗೆ ಚುಚ್ಚಿತು. ನಮ್ಮ ತಾತ ಕೂಲಿಯವನಿಗಿಂತಲೂ ಕಡೆ. ಜೀತದಾಳು. ಅಕ್ಕನ ಮದುವೆಗೆ ತಂದ 200 ರೂಪಾಯಿ ಸಾಲಕ್ಕೆ ಒಂಬತ್ತನೇ ವಯಸ್ಸಿಗೇ ಧಣಿ ಮನೆ ಕುರಿ ಹಿಂದೆ ಹೋದವನು. ತೋಳ ಮರಿ ಎತ್ತಿಕೊಂಡು ಹೋದರೆ ಅದರ ಬೆಲೆ ಸಾಲಕ್ಕೆ ಸೇರೋದು, ಜೀತ ಇನ್ನಷ್ಟು ಉದ್ದ ಆಗೋದು. ಹೊತ್ತು ಮುಳುಗಿದ ಮೇಲೆ ರೊಪ್ಪದ ಬಾಗಿಲಲ್ಲಿ ಎಣಿಸುವಾಗ ಒಂದು ಕಮ್ಮಿ ಬಂದರೆ ಉಣ್ಣದೆ ಮತ್ತೆ ಗುಡ್ಡ ಹತ್ತಬೇಕು. ಅವನೂ ಕೂಲಿಯವನೇ, ಆದರೆ ಓಡಲಿಲ್ಲ. ಓಡೋದಾದರೂ ಎಲ್ಲಿಗೆ? 1976ರಲ್ಲಿ ಜೀತ ರದ್ದಿನ ಕಾಯಿದೆ ಬಂದ ಮೇಲೆ ಆ ರೊಪ್ಪದ ಋಣ ಹರಿಯಿತು.

"ಕುರಿಗಳ ಮೇಲೆ ಪ್ರೀತಿ ಇತ್ತಾ ತಾತ?" ಅಂತ ಕೇಳಿದ್ದೆ.

"ಪಿರೀತಿ ಎಲ್ಲಿಂದ ಬಂದದು ಮೊಗ, ಲೆಕ್ಕ ಒಪ್ಪಿಸ್ಬೇಕಿತ್ತು" ಅಂದ. ಒಂದು ಗಳಿಗೆ ಸುಮ್ಮನಿದ್ದು, "ಆದ್ರೂವೆ ಕುಂಟೋ ಮರೀನ ಹೆಗಲ ಮ್ಯಾಲೆ ಹಾಕ್ಕಂಡ್ರೆ ಕತ್ತು ಬೆಚ್ಚಗಿರದು" ಅಂದ.

ಬೈಬಲ್ಲಿಗೆ ಈ ತಾತ ಗೊತ್ತಿಲ್ಲ ಅಂದುಕೊಳ್ಳಬೇಡಿ. ಆದಿಕಾಂಡದ ಯಾಕೋಬ 20 ವರ್ಷ ಮಾವ ಲಾಬಾನನ ಹತ್ತಿರ ದುಡಿದ. 31ನೇ ಅಧ್ಯಾಯದಲ್ಲಿ ಮಾವನಿಗೆ ಎದುರು ನಿಂತು ಕೇಳ್ತಾನೆ. ಬಿಸಿಲಲ್ಲಿ ಬೆಂದದ್ದು, ಚಳಿಯಲ್ಲಿ ನಡುಗಿದ್ದು, ನಿದ್ದೆಗೆಟ್ಟದ್ದು, ಮೃಗ ಹರಿದ ಕುರಿಯ ನಷ್ಟ ತಾನೇ ತುಂಬಿದ್ದು, ಹತ್ತು ಸಲ ಸಂಬಳ ಬದಲಾದದ್ದು, ಎಲ್ಲವನ್ನೂ ಎಣಿಸಿ ಎಣಿಸಿ ಹೇಳ್ತಾನೆ. ಇದೇ ಯಾಕೋಬ ಮುದುಕನಾಗಿ ಮೊಮ್ಮಕ್ಕಳನ್ನು ಹರಸುವಾಗ, 48ನೇ ಅಧ್ಯಾಯದಲ್ಲಿ, ಜೀವಮಾನವೆಲ್ಲ ತನ್ನನ್ನು ಕಾಯ್ದ ಕುರುಬ ಅಂತ ದೇವರನ್ನು ನೆನೀತಾನೆ. ಬೈಬಲ್ಲನ್ನು ಮೊದಲಿಂದ ಓದುತ್ತಾ ಬಂದರೆ ದೇವರಿಗೆ ಈ ಹೋಲಿಕೆ ಸಿಗೋದು ಇಲ್ಲೇ ಮೊದಲು. ಅದು ಹುಟ್ಟಿದ್ದು ದಣಿದ ಆಳಿನ ಬಾಯಲ್ಲಿ. ತನ್ನನ್ನು ಯಾರೂ ಕಾಯದೇ ಇದ್ದ ಆ ರಾತ್ರಿಗಳಲ್ಲಿ ಯಾರೋ ಒಬ್ಬ ಕಾಯ್ತಿದ್ದ ಅಂತ ಅವನಿಗೆ ಅನಿಸಿದೆ.

3ನೇ ಶತಮಾನದ ಹೊತ್ತಿಗೆ ರೋಮಿನ ನೆಲದಡಿಯ ಸಮಾಧಿಗಳಲ್ಲಿ ಕ್ರೈಸ್ತರು ಬರೆದ ಚಿತ್ರಗಳಲ್ಲೂ ಹೆಗಲ ಮೇಲೆ ಕುರಿ ಹೊತ್ತ ತರುಣನಿದ್ದಾನೆ. ಆಮೇಲೆ ಅವನ ಕೋಲು ಬಿಷಪ್ಪರ ಕೈ ಸೇರಿತು, ಬೆಳ್ಳಿ ಬಂಗಾರ ಹೊದ್ದಿತು. 2013ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಪಾದ್ರಿಗಳ ಮೈಯಲ್ಲಿ ಕುರಿವಾಸನೆ ಇರಬೇಕು ಅಂದರು. ಅಷ್ಟು ಹೇಳಬೇಕಾಗಿ ಬಂತು ಅಂದರೆ ವಾಸನೆ ಎಷ್ಟು ದೂರ ಹೋಗಿತ್ತೋ ಯೋಚನೆ ಮಾಡಿ.

ಕೋಲು ಹಿಡಿದವರ ವಿಚಾರಣೆ ಬೈಬಲ್ಲಿನಲ್ಲೇ ಇದೆ. ಕ್ರಿ.ಪೂ. 6ನೇ ಶತಮಾನದಲ್ಲಿ ಬಾಬೆಲಿನ ಸೆರೆಯಲ್ಲಿದ್ದ ಪ್ರವಾದಿ ಯೆಹೆಜ್ಕೇಲ. ಅವನ ಗ್ರಂಥದ 34ನೇ ಅಧ್ಯಾಯದ ಕುರುಬರು ಅಂದರೆ ನಾಡನ್ನಾಳಿದವರು. ಕೊಬ್ಬು ತಿಂದಿರಿ, ಉಣ್ಣೆ ಹೊದ್ದಿರಿ, ಮುರಿದ ಕಾಲು ಕಟ್ಟಲಿಲ್ಲ ಅಂತ ದೇವರು ಅವರ ಮೇಲೆ ಹರಿಹಾಯ್ತಾನೆ, ಕುರಿಗಳ ಲೆಕ್ಕ ಕೇಳ್ತಾನೆ. ನಮ್ಮ ತಾತ ಧಣಿಗೆ ಒಪ್ಪಿಸಿದ ಲೆಕ್ಕ ಇಲ್ಲಿ ತಿರುಗಿ ಧಣಿಯ ಕತ್ತಿಗೇ ಬೀಳುತ್ತೆ.

ಅಷ್ಟಕ್ಕೇ ಬಿಡೋದಿಲ್ಲ. ಕೊಬ್ಬಿದ ಕುರಿಗೂ ಬಡಕಲು ಕುರಿಗೂ ನಡುವೆ ನ್ಯಾಯಕ್ಕೆ ಕೂರ್ತಾನೆ. ಕೊಬ್ಬಿದವು ತಿಳಿನೀರು ಕುಡಿದು ಉಳಿದದ್ದನ್ನು ಕಾಲಿಂದ ಕಲಕಿವೆ. ಬಡಕಲು ಕುರಿಗಳಿಗೆ ಆ ಬಗ್ಗಡವೇ ಗತಿ.

ನೀರಿನ ಈ ಮಾತು ಓದಿ ನಾನು ಪುಸ್ತಕ ಮುಚ್ಚಿ ಕೂತೆ. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದದ್ದು ಯಾವ ನೀರಿಗಾಗಿ? ಕುರಿ ಅನ್ನೋ ಒಂದೇ ಹೆಸರಿನೊಳಗೆ ಎರಡು ಜಾತಿ ಇವೆ ಅಂತ ಯೆಹೆಜ್ಕೇಲನಿಗೆ ಗೊತ್ತಿತ್ತು. ನಮ್ಮ ದೇಶದ ಚರ್ಚಿನಲ್ಲೂ ಇವೆ. ತಮಿಳುನಾಡಿನಲ್ಲಿ ಕ್ರೈಸ್ತರ ಸ್ಮಶಾನದ ನಡುವೆಯೇ ಜಾತಿಗೋಡೆ ಎದ್ದದ್ದುಂಟು. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಗಳ ಪಟ್ಟಿಯಿಂದ ಅನ್ಯಧರ್ಮದವರನ್ನು ಹೊರಗಿಟ್ಟಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ದಲಿತ ಕ್ರೈಸ್ತ ಹೊರಗೇ ನಿಂತ. ರೊಪ್ಪದೊಳಗೆ ಕೊನೇ ಜಾಗ, ಸರ್ಕಾರದ ಪಟ್ಟಿಯಲ್ಲಿ ಜಾಗವೇ ಇಲ್ಲ.

ಗೆಳೆಯರೇ, ಸಾವಿನ ಮನೆಯಲ್ಲಿ 23ನೇ ಕೀರ್ತನೆ ಕೇಳಿ ಎದೆ ಹಗುರ ಮಾಡಿಕೊಳ್ಳೋ ತಾಯಂದಿರಿದ್ದಾರೆ. ಅವರ ಕುರುಬನನ್ನು ಕಿತ್ತುಕೊಳ್ಳೋ ಹಕ್ಕು ನನಗಿಲ್ಲ, ಆ ಆಸೆಯೂ ಇಲ್ಲ. ಕತ್ತು ಬೆಚ್ಚಗಿರೋದು ಏನಂತ ನಮ್ಮ ತಾತನಿಗೂ ಗೊತ್ತಿತ್ತು. ನಾನು ಕೇಳೋದಿಷ್ಟೇ. ಆ ಕೀರ್ತನೆ ಓದಿಕೊಡೋ ಪಾದ್ರಿಗಳು ಮುಂದಿನ ಭಾನುವಾರ ಯೆಹೆಜ್ಕೇಲನ 34ನೇ ಅಧ್ಯಾಯವನ್ನೂ ಗಟ್ಟಿಯಾಗಿ ಓದಲಿ. ಓದಿ ಮುಗಿಸಿದ ಮೇಲೆ, ನೀರು ಕಲಕಿದವರು ಯಾರು ಅಂತ ಹಿಂದಿನ ಸಾಲಿನಲ್ಲಿ ಕೂತವರು ಕೇಳಲಿ. ಉತ್ತರ ಸಿಗೋ ತನಕ ಏಳದಿರಲಿ.